ತೆರೆಯ ಮೇಲೆ ತೆರೆ: ಬಿಂಬಸಂಕರ ಮತ್ತು ಅದರ ನಿಯಮನ

1

ಕಳಸದ ಕಳಸೇಶ್ವರ ದೇವಾಲಯದ ಮೆಟ್ಟಿಲುಗಳ ಮೇಲೆ ಚಳಿಗಾಲದ ಬೆಳಗ್ಗೆ ನಿಂತು ನೋಡಿದವರಿಗೆ ಒಂದು ನೋಟ ಪರಿಚಿತವಾಗಿರುತ್ತದೆ. ಭದ್ರೆಯ ಕಣಿವೆಯಿಂದ ಮಂಜು ಎದ್ದು ಬೆಟ್ಟಗಳ ನಡುವೆ ನಿಂತಿರುತ್ತದೆ. ಹತ್ತಿರದ ಗುಡ್ಡ ಕಡುಹಸುರು. ಅದರ ಹಿಂದಿನದು ನೀಲಿ. ಅದಕ್ಕೂ ಹಿಂದಿನದು ಬೂದಿಬಣ್ಣ. ಕಟ್ಟಕಡೆಯ ಸಾಲು ಆಕಾಶವೋ ಬೆಟ್ಟವೋ ಎಂದು ಸಂದೇಹ ಹುಟ್ಟಿಸುವಷ್ಟು ತೆಳುವು. ನಾಲ್ಕಾರು ಚಿತ್ರಗಳು ಒಂದರ ಮೇಲೊಂದು ಬಿದ್ದಿವೆ. ಆದರೂ ಕಣ್ಣಿಗೆ ಗೊಂದಲವಿಲ್ಲ. ಪ್ರತಿಯೊಂದು ಪದರವೂ ತನ್ನ ಮುಂದಿನದಕ್ಕೆ ಎಷ್ಟು ತಗ್ಗಬೇಕೋ ಅಷ್ಟು ತಗ್ಗಿರುವುದೇ ಇದಕ್ಕೆ ಕಾರಣ.

ಪ್ರಕೃತಿಯಲ್ಲಿ ಮಂಜು ಮಾಡುವ ಈ ಕೆಲಸವನ್ನು ರಂಗಭೂಮಿಯಲ್ಲಿ ಮನುಷ್ಯನೇ ಮಾಡಬೇಕಾಗುತ್ತದೆ. ಪ್ರೇಕ್ಷಕನ ಒಂದೇ ದೃಷ್ಟಿರೇಖೆಯಲ್ಲಿ ಎರಡು ಅಥವಾ ಹೆಚ್ಚು ಚಿತ್ರಗಳು ಬಂದು ಒಂದನ್ನೊಂದು ಹಾಯುವುದನ್ನು ಈ ಲೇಖನದಲ್ಲಿ ‘ಬಿಂಬಸಂಕರ’ ಎಂದು ಕರೆಯಲಾಗಿದೆ. ಇಂಥ ಸಂಕರ ಒದಗಿದಾಗ ಯಾವ ಚಿತ್ರ ಮೇಲಾಗಬೇಕು, ಯಾವುದು ತಗ್ಗಬೇಕು, ಅದನ್ನು ನಿರ್ಣಯಿಸುವವರು ಯಾರು ಎಂಬುದು ನಮ್ಮ ಪ್ರಶ್ನೆ. ಈಚಿನ ವರ್ಷಗಳಲ್ಲಿ ಕರಾವಳಿ ಮತ್ತು ಮಲೆನಾಡಿನ ಕೆಲವು ರಂಗಗಳಲ್ಲಿ ವೇಷಧಾರಿಗಳ ಹಿಂದೆ ಎಲ್‌ಇಡಿ ಪರದೆಯನ್ನು ನಿಲ್ಲಿಸುವ ರೂಢಿ ಕಾಣಿಸಿಕೊಂಡಿರುವುದರಿಂದ ಈ ಪ್ರಶ್ನೆ ಕೇವಲ ಶಾಸ್ತ್ರಚರ್ಚೆಯಾಗಿ ಉಳಿದಿಲ್ಲ. ಆ ಪರದೆಯನ್ನು ಹೊಗಳುವವರೂ ತೆಗಳುವವರೂ ಇದ್ದಾರೆ. ಆದರೆ ಅದನ್ನು ಅಳೆಯತಕ್ಕ ಮಾನದಂಡವು ನಮ್ಮ ಹಳೆಯ ಕಲೆಗಳಲ್ಲಿಯೇ ಇದೆಯೆಂಬುದನ್ನು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ. ಆ ಮಾನದಂಡವನ್ನು ಹುಡುಕಿ ತೆಗೆಯುವುದೇ ಈ ಲೇಖನದ ಉದ್ದೇಶ.

2

ಮೊದಲು ‘ತೆರೆ’ ಎಂಬ ಮಾತನ್ನೇ ನೋಡಬಹುದು. ನಾಮಪದವಾದಾಗ ಅದು ಮರೆಮಾಡುವ ಬಟ್ಟೆ; ಕ್ರಿಯಾಪದವಾದಾಗ ಬಿಚ್ಚಿ ತೋರಿಸುವ ಕ್ರಿಯೆ. ಈ ಎರಡು ಪದಗಳ ವ್ಯುತ್ಪತ್ತಿ ಹೇಗಾದರೂ ಇರಲಿ, ಕನ್ನಡದ ಕಿವಿಗೆ ಮುಚ್ಚುವುದೂ ತೆರೆಯುವುದೂ ಒಂದೇ ಉಲಿಯಲ್ಲಿ ಕೇಳಿಸುತ್ತವೆ. ನಮ್ಮ ಎರಡು ಮುಖ್ಯ ಜಾನಪದ ರಂಗಪ್ರಕಾರಗಳು ತೆರೆಯ ಈ ಎರಡು ಸ್ವಭಾವಗಳನ್ನು ಬೇರೆ ಬೇರೆಯಾಗಿ ಬಳಸಿಕೊಂಡಿವೆ. ತೊಗಲುಗೊಂಬೆಯಾಟದಲ್ಲಿ ತೆರೆಯು ಚಿತ್ರವನ್ನು ಧರಿಸುತ್ತದೆ. ಯಕ್ಷಗಾನದಲ್ಲಿ ಚಿತ್ರವನ್ನು ತಡೆಹಿಡಿಯುತ್ತದೆ.

ತೊಗಲುಗೊಂಬೆಯಾಟವನ್ನು ಕರ್ನಾಟಕದಲ್ಲಿ ತಲೆಮಾರುಗಳಿಂದ ಉಳಿಸಿಕೊಂಡು ಬಂದವರು ಕಿಳ್ಳೇಕ್ಯಾತ ಸಮುದಾಯದವರು. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಗೌರವ ಸಂದುದರಿಂದ ಈ ಕಲೆಯ ಹೆಸರು ಮತ್ತೊಮ್ಮೆ ನಾಡಿನಲ್ಲಿ ಕೇಳಿಬಂದಿತು. ಆಡು ಮೊದಲಾದ ಪ್ರಾಣಿಗಳ ಚರ್ಮವನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಚಿತ್ರ ಬರೆದು, ಬಣ್ಣ ಹಾಕಿ, ಒಡವೆ ಉಡಿಗೆಗಳ ಜಾಗದಲ್ಲಿ ಸಣ್ಣ ಸಣ್ಣ ರಂಧ್ರಗಳನ್ನು ಕೊರೆಯುತ್ತಾರೆ. ನಡುವೆ ಬಿದಿರಿನ ಕಡ್ಡಿಯನ್ನು ಕಟ್ಟುತ್ತಾರೆ. ಬಿಳಿಯ ಬಟ್ಟೆಯ ಹಿಂದೆ ದೀಪ, ದೀಪಕ್ಕೂ ಬಟ್ಟೆಗೂ ನಡುವೆ ಗೊಂಬೆ: ಇಷ್ಟೇ ಇದರ ಸಾಮಗ್ರಿ.

ಈ ಅಲ್ಪ ಸಾಮಗ್ರಿಯಲ್ಲಿ ಬಿಂಬಸಂಕರವನ್ನು ಆಳುವ ಮೊದಲನೆಯ ಉಪಾಯ ದೂರ. ದೀಪವು ತೆರೆಯಿಂದ 120 ಸೆಂಟಿಮೀಟರ್ ಹಿಂದಿದೆ ಎಂದು ಇಟ್ಟುಕೊಳ್ಳೋಣ. ಗೊಂಬೆಯನ್ನು ತೆರೆಗೆ ಒತ್ತಿ ಹಿಡಿದರೆ ಚಿತ್ರವು ಗೊಂಬೆಯಷ್ಟೇ ಗಾತ್ರದ್ದು, ಅಂಚು ಚೊಕ್ಕ. ಅದನ್ನೇ ಹಿಂದೆಗೆದು ದೀಪಕ್ಕೂ ತೆರೆಗೂ ನಟ್ಟನಡುವೆ ಹಿಡಿದರೆ ನೆರಳು ಎರಡರಷ್ಟಾಗುತ್ತದೆ. ದೀಪದ ಉರಿ 2 ಸೆಂಟಿಮೀಟರ್ ಅಗಲವಿದ್ದರೆ ಆ ನೆರಳಿನ ಅಂಚು ಕೂಡ 2 ಸೆಂಟಿಮೀಟರಿನಷ್ಟು ಮಸುಕಾಗುತ್ತದೆ. ತೆರೆಯಿಂದ ಕೇವಲ 10 ಸೆಂಟಿಮೀಟರ್ ದೂರದಲ್ಲಿದ್ದರೆ ಮಸುಕು 2 ಮಿಲಿಮೀಟರಿಗೆ ಮೀರದು. ಆದುದರಿಂದ ಎರಡು ಗೊಂಬೆಗಳು ಒಂದನ್ನೊಂದು ಹಾಯುವ ಸಂದರ್ಭದಲ್ಲಿ, ಮುಖ್ಯವಾದುದನ್ನು ತೆರೆಗೆ ಒತ್ತಿ, ಇನ್ನೊಂದನ್ನು ಒಂದು ಗೇಣು ಹಿಂದಕ್ಕೆ ಸೆಳೆದರೆ ಸಾಕು. ಒಂದು ಮಾತನಾಡುವ ಪಾತ್ರವಾಗುತ್ತದೆ, ಇನ್ನೊಂದು ಅದರ ಹಿಂದಿನ ಮಂಜಾಗುತ್ತದೆ. ಕಳಸದ ಬೆಟ್ಟಗಳಲ್ಲಿ ನಾವು ಕಂಡ ನ್ಯಾಯವೇ ಇಲ್ಲಿಯೂ ಇದೆ. ತೊಗಲುಗೊಂಬೆಯಾಟವು ಚಪ್ಪಟೆಯ ಕಲೆ, ಅದಕ್ಕೆ ಆಳವಿಲ್ಲ ಎಂಬ ಮಾತು ಅಷ್ಟೇನೂ ವಿಚಾರಪೂರ್ವಕವಾದುದಲ್ಲ. ಗೊಂಬೆ ಚಪ್ಪಟೆ ನಿಜ. ಆದರೆ ದೀಪದಿಂದ ತೆರೆಯವರೆಗಿನ ಜಾಗವೆಲ್ಲ ಸೂತ್ರಧಾರನ ಕೈಯ ಆಳವೇ.

3

ದೂರದಿಂದ ಮಾತ್ರ ಬಗೆಹರಿಯದ ಒಂದು ತೊಡಕು ಬಣ್ಣದ್ದು. ಬಣ್ಣದ ಎರಡು ತೊಗಲುಗಳು ಒಂದರ ಮೇಲೊಂದು ಬಿದ್ದಾಗ ಬೆಳಕು ಕೂಡುವುದಿಲ್ಲ, ಗುಣಿಸಿದಂತೆ ಕುಗ್ಗುತ್ತದೆ. ಒಂದೊಂದು ತೊಗಲೂ ಬೆಳಕಿನ ಮೂರನೆಯ ಒಂದು ಪಾಲನ್ನು ಮಾತ್ರ ಬಿಡುವುದಾದರೆ, ಎರಡನ್ನೂ ಹಾದು ಬರುವುದು ಒಂಬತ್ತನೆಯ ಒಂದು ಪಾಲು. ಕೆಂಪಿನ ಮೇಲೆ ಹಸುರು ಬಿದ್ದರೆ ಉಳಿಯುವುದು ಬಹುಮಟ್ಟಿಗೆ ಕತ್ತಲೆ. ರಾಮನ ಹಸುರು ಮೈಯ ಮೇಲೆ ರಾವಣನ ಕೆಂಪು ಉಡುಗೆ ಹಾಯ್ದರೆ ಇಬ್ಬರೂ ಅಳಿಸಿಹೋಗುತ್ತಾರೆ.

ಭಾರತದ ಬೇರೆ ಬೇರೆ ಪ್ರಾಂತಗಳು ಈ ತೊಡಕಿಗೆ ಬೇರೆ ಬೇರೆ ಉತ್ತರ ಕಂಡುಕೊಂಡಿವೆ. ಕೇರಳದ ಪಾಲಕ್ಕಾಡಿನ ಸೀಮೆಯಲ್ಲಿ ಭದ್ರಕಾಳಿಯ ಗುಡಿಗಳ ಮುಂದೆ ನಡೆಯುವ ತೋಲ್ಪಾವಕೂತ್ತಿನಲ್ಲಿ ಗೊಂಬೆಗಳು ಬೆಳಕು ಹಾಯದ ತೊಗಲಿನವು. ತೆರೆಯ ಮೇಲೆ ಬೀಳುವುದು ಕಪ್ಪು ನೆರಳು. ಅಲ್ಲಿ ಉದ್ದವಾದ ತೆರೆಯ ಹಿಂದೆ 21 ದೀಪಗಳನ್ನು ಸಾಲಾಗಿ ಹಚ್ಚುತ್ತಾರೆ. ದೀಪಗಳು ಇಷ್ಟಿರುವುದರಿಂದ ಗೊಂಬೆಯನ್ನು ತೆರೆಯಿಂದ ಹಿಂದೆಗೆದ ಕೂಡಲೆ ನೆರಳುಗಳು ಹಲವಾಗಿ ಒಡೆದು ತೆಳುವಾಗಿಬಿಡುತ್ತವೆ. ದೂರದ ಉಪಾಯಕ್ಕೆ ಅಲ್ಲಿ ಎಡೆ ಕಡಿಮೆ; ಗೊಂಬೆಗಳನ್ನು ತೆರೆಯ ಮೇಲೆ ಅಕ್ಕಪಕ್ಕದಲ್ಲಿ ಬಿಡಿಸಿ ಇಡಬೇಕು. ಆಂಧ್ರದ ತೋಲುಬೊಮ್ಮಲಾಟದ ಗೊಂಬೆಗಳು ಬಣ್ಣದವು, ಬಹು ದೊಡ್ಡವು, ಕೈಕಾಲುಗಳಲ್ಲಿ ಕೀಲುಳ್ಳವು. ಆಟದ ಬೆಡಗೆಲ್ಲ ಚಲನೆಯಲ್ಲಿದೆ.

ಕರ್ನಾಟಕದ ಗೊಂಬೆಗಳು ಬಹುಮಟ್ಟಿಗೆ ಚಿಕ್ಕವು. ರಾಜರಿಗೂ ದೇವತೆಗಳಿಗೂ ದೊಡ್ಡ ಗೊಂಬೆ, ಸೇವಕರಿಗೆ ಸಣ್ಣ ಗೊಂಬೆ ಎಂಬ ತಾರತಮ್ಯವೂ ಉಂಟು. ಜೊತೆಗೆ, ಹಲವು ಪಾತ್ರಗಳಿರುವ ಒಂದು ಇಡೀ ಸನ್ನಿವೇಶವನ್ನು, ಎಂದರೆ ಒಡ್ಡೋಲಗವನ್ನೋ ರಥವೇರಿದ ವೀರನನ್ನೋ ಮರದ ಕೆಳಗಣ ಸೀತೆಯನ್ನೋ, ಒಂದೇ ತೊಗಲಿನಲ್ಲಿ ಕತ್ತರಿಸುವ ಪದ್ಧತಿ ನಮ್ಮಲ್ಲಿ ವಿಶೇಷವಾಗಿದೆ. ಇಂಥ ಗೊಂಬೆ ಕೈಕಾಲಾಡಿಸಲಾರದು; ಆದುದರಿಂದ ಇದು ಕಲೆಯ ಹಿಂದುಳಿದ ಹಂತವೆಂದು ಭಾವಿಸುವುದು ಸುಲಭ. ಪ್ರಕೃತ ಲೇಖಕನ ಅಭಿಪ್ರಾಯ ಹಾಗಲ್ಲ. ಒಂದೇ ತೊಗಲಿನ ಸನ್ನಿವೇಶದಲ್ಲಿ ಯಾರು ಯಾರ ಮುಂದೆ, ಯಾರ ತೋಳು ಯಾರ ಭುಜವನ್ನು ಮರೆಮಾಡಬೇಕು, ಎಲ್ಲಿ ಹಸುರು ನಿಂತು ಕೆಂಪು ತೊಡಗಬೇಕು ಎಂಬುದನ್ನೆಲ್ಲ ಚಿತ್ರಗಾರನು ಉಳಿಯ ಮೊನೆಯಲ್ಲಿ ಮುಂಚಿತವಾಗಿಯೇ ತೀರ್ಮಾನಿಸಿರುತ್ತಾನೆ. ಎರಡು ಪದರಗಳು ಬೀಳಬೇಕಾದ ಕಡೆ ಒಂದೇ ಪದರ ಇರುವುದರಿಂದ ಬೆಳಕು ಕುಗ್ಗುವುದಿಲ್ಲ, ಬಣ್ಣ ಕೆಡುವುದಿಲ್ಲ. ಚಲನೆಯನ್ನು ಬಿಟ್ಟುಕೊಟ್ಟು ಸ್ಪಷ್ಟತೆಯನ್ನು ಗಳಿಸಿದ ಈ ವ್ಯವಹಾರ ಅಜ್ಞಾನದ ಫಲವಲ್ಲ, ಆಯ್ಕೆ. ಗಾತ್ರದ ತಾರತಮ್ಯವೂ ಇದೇ ಆಯ್ಕೆಯ ಇನ್ನೊಂದು ಮುಖ: ಪ್ರಧಾನವಾದುದು ದೊಡ್ಡದು, ಅಪ್ರಧಾನವಾದುದು ಸಣ್ಣದು.

4

ಇನ್ನು ಯಕ್ಷಗಾನ. ಕಾರ್ತಿಕದಿಂದ ಮಳೆಗಾಲದ ಮೊದಲವರೆಗೆ ಕರಾವಳಿಯ ಮೇಳಗಳು ತಿರುಗಾಟ ಹೊರಡುತ್ತವೆ; ಘಟ್ಟವನ್ನೇರಿ ಮಲೆನಾಡಿನ ಊರುಗಳಿಗೂ ಬರುತ್ತವೆ. ಇಲ್ಲಿ ತೆರೆಯೆಂದರೆ ಇಬ್ಬರು ಎರಡು ತುದಿ ಹಿಡಿದು ನಿಲ್ಲುವ ಒಂದು ತುಂಡು ಬಟ್ಟೆ. ಬಣ್ಣದ ವೇಷದ ಪ್ರವೇಶದಲ್ಲಿ ಅದರ ಪ್ರಯೋಜನ ಎದ್ದು ತೋರುತ್ತದೆ. ಮೊದಲು ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ. ಕೆಳಗೆ ಗೆಜ್ಜೆಯ ಕಾಲು. ನಡುವಣ ದೇಹವೆಲ್ಲ ಬಟ್ಟೆ. ಚೆಂಡೆಯ ಗತಿ ಏರುತ್ತದೆ, ಅಬ್ಬರ ಕೇಳುತ್ತದೆ, ಬೆರಳುಗಳು ಬಟ್ಟೆಯ ಅಂಚನ್ನು ಹಿಡಿಯುತ್ತವೆ, ಮುಖ ಒಂದು ಕ್ಷಣ ಕಂಡು ಮರೆಯಾಗುತ್ತದೆ. ತೆರೆ ಪೂರ್ತಿಯಾಗಿ ಸರಿಯುವ ಹೊತ್ತಿಗೆ ಪ್ರೇಕ್ಷಕನು ಆ ರಾಕ್ಷಸನನ್ನು ತನ್ನ ಮನಸ್ಸಿನಲ್ಲಿ ಆಗಲೇ ಒಂದು ಸಲ ನಿರ್ಮಿಸಿಕೊಂಡಿರುತ್ತಾನೆ. ಮನಸ್ಸಿನ ಚಿತ್ರದ ಮೇಲೆ ಕಣ್ಣಿನ ಚಿತ್ರ ಬಂದು ಕೂರುವುದೂ ಬಿಂಬಸಂಕರವೇ. ಅದನ್ನು ಇಲ್ಲಿ ಆಳುವುದು ದೂರವಲ್ಲ, ಕಾಲ. ಯಾವುದನ್ನು ಮೊದಲು, ಯಾವುದನ್ನು ಆಮೇಲೆ, ಎಷ್ಟು ಹೊತ್ತಿನ ಮೇಲೆ ಎಂಬ ಲೆಕ್ಕವು ಭಾಗವತನ ಜಾಗಟೆಯಲ್ಲಿದೆ.

ಯಕ್ಷಗಾನವನ್ನು ವಿದ್ವತ್ತಿನ ವಿಷಯವನ್ನಾಗಿ ಮಾಡಿದವರಲ್ಲಿ ಅಗ್ರಗಣ್ಯರಾದ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅಲ್ಲಿಂದೀಚೆಗೆ ಹಾಡು, ಕುಣಿತ, ವೇಷಗಳ ಮೇಲೆ ಬಹಳಷ್ಟು ಬರೆಹ ಬಂದಿದೆ. ಆ ಒಂದು ತುಂಡು ಬಟ್ಟೆಯ ಮೇಲೆ ಇನ್ನೂ ಬರೆಯಬೇಕಾದುದಿದೆ.

ದೂರ, ಕಾಲಗಳ ಜೊತೆಗೆ ಮೂರನೆಯ ಉಪಾಯವೊಂದುಂಟು. ಅದು ಬೆಳಕಿನ ಪ್ರಮಾಣ. ಗುಬ್ಬಿ ಕಂಪನಿಯೇ ಮೊದಲಾದ ವೃತ್ತಿನಾಟಕ ಮಂಡಳಿಗಳು ಬರೆದ ಪರದೆಗಳನ್ನು ಒಂದರ ಹಿಂದೊಂದು ಇಳಿಬಿಟ್ಟು, ‘ಟ್ರಾನ್ಸ್‌ಫರ್ ಸೀನು’ ಎಂದು ಹೆಸರಾದ ದೃಶ್ಯಪಲ್ಲಟಗಳಿಂದ ಪ್ರೇಕ್ಷಕರನ್ನು ಬೆರಗುಗೊಳಿಸುತ್ತಿದ್ದವು. ಪಶ್ಚಿಮದಲ್ಲಿ 1862ರ ಡಿಸೆಂಬರಿನಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ಕಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬವನು ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜಿನ ಮೂಲಕ ರಂಗದ ಮೇಲೆ ಭೂತವನ್ನು ಕಾಣಿಸಿದನು. ಮರೆಯಲ್ಲಿ ನಿಂತ ನಟನ ಮೇಲೆ ಬೆಳಕು ಹೆಚ್ಚಿಸಿದರೆ ಗಾಜಿನಲ್ಲಿ ಅವನ ಪ್ರತಿಬಿಂಬ ಮೂಡುತ್ತದೆ, ತಗ್ಗಿಸಿದರೆ ಕರಗುತ್ತದೆ. ಎರಡು ಬಿಂಬಗಳು ಒಂದೇ ಜಾಗದಲ್ಲಿರುವಾಗ ಬೆಳಕು ಹೆಚ್ಚಾಗಿರುವುದೇ ಗೆಲ್ಲುತ್ತದೆ ಎಂಬುದು ಇದರ ಸಾರ.

5

ಈ ಹಳೆಯ ಉಪಾಯಗಳು ಇಂದಿನ ಯಂತ್ರಶಿಲ್ಪಿಗಳಿಗೂ ಹೊರತಾಗಿಲ್ಲ. ಎರಡು ಎಲ್‌ಸಿಡಿ ಫಲಕಗಳನ್ನು ಸ್ವಲ್ಪ ಅಂತರ ಬಿಟ್ಟು ಹಿಂದೆಮುಂದೆ ಜೋಡಿಸಿ, ನಿಜವಾದ ಆಳವುಳ್ಳ ಪರದೆಯನ್ನು ಮಾಡುವ ಪ್ರಯತ್ನಗಳು ಕೆಲವು ದಶಕಗಳಿಂದ ನಡೆದಿವೆ. ಅಲ್ಲಿ ಎದುರಾದ ಮೊದಲ ತೊಡಕು ತೊಗಲಿನದೇ: ಒಂದು ವರ್ಣಫಲಕವು ತನ್ನ ಹಿಂದಣ ಬೆಳಕಿನಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟನ್ನು ಮಾತ್ರ ಹೊರಬಿಡುತ್ತದೆ, ಅಂಥ ಎರಡನ್ನು ಪೋಣಿಸಿದರೆ ಉಳಿಯುವುದು ನೂರಕ್ಕೆ ಒಂದು ಅಥವಾ ಅದಕ್ಕೂ ಕಡಿಮೆ. ಎರಡನೆಯದು, ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಹಿಡಿದಾಗ ಕಾಣುವ ಅಲೆಅಲೆಯಾದ ಪಟ್ಟೆಗಳು. ಎರಡು ಫಲಕಗಳ ಸಣ್ಣ ಚೌಕುಳಿಗಳು ಸೇರಿ, ಯಾರೂ ಬರೆಯದ ಮೂರನೆಯ ಚಿತ್ರವೊಂದು ಹುಟ್ಟಿಕೊಳ್ಳುತ್ತದೆ. ಹಿಂದಿನ ಫಲಕದ ಮುಂದೆ ಬೆಳಕನ್ನು ತುಸು ಚದರಿಸುವ ತೆಳುಹಾಳೆಯನ್ನಿಟ್ಟು ಇದನ್ನು ಅಡಗಿಸುತ್ತಾರೆ. ಎಂದರೆ, ಹಿಂದಿನದನ್ನು ಬೇಕೆಂದೇ ಮಸುಕುಮಾಡುತ್ತಾರೆ. ಗೊಂಬೆಯವನು ಒಂದು ಗೇಣು ಹಿಂದೆಗೆಯುವುದು ಇದನ್ನೇ ಸಾಧಿಸುವುದಕ್ಕೆ.

2000ದ ಸುಮಾರಿಗೆ ಜಪಾನಿನ ಎನ್‌ಟಿಟಿ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಒಂದು ವಿಷಯ ಇನ್ನೂ ಸ್ವಾರಸ್ಯವಾಗಿದೆ. ಹಿಂದೆಮುಂದೆ ಇರುವ ಎರಡು ಪಾರದರ್ಶಕ ತಲಗಳ ಮೇಲೆ ಒಂದೇ ಚಿತ್ರವನ್ನು ನೋಡುವವನ ಕಣ್ಣಿಗೆ ಸರಿಯಾಗಿ ಒಂದರ ಮೇಲೊಂದು ಬೀಳುವಂತೆ ತೋರಿಸಿದರೆ, ಅವನಿಗೆ ಎರಡು ಚಿತ್ರ ಕಾಣುವುದಿಲ್ಲ. ಒಂದೇ ಚಿತ್ರ, ಎರಡರ ನಡುವೆ ಎಲ್ಲಿಯೋ ನಿಂತಂತೆ ಕಾಣುತ್ತದೆ. ಎರಡರ ಬೆಳಕಿನ ಪ್ರಮಾಣವನ್ನು ಬದಲಿಸಿದಂತೆ ಆ ಚಿತ್ರ ಮುಂದಕ್ಕೂ ಹಿಂದಕ್ಕೂ ಸರಿಯುತ್ತದೆ. ಸಂಕರವು ದೋಷವಾಗಬೇಕೆಂಬ ನಿಯಮವಿಲ್ಲ. ಹದವರಿತರೆ ಅದೇ ಗುಣವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು.

6

ಹೀಗೆ ದೂರ, ಕಾಲ, ಬೆಳಕು ಎಂಬ ಮೂರು ಮಾನಗಳು ನಮ್ಮ ಕೈಗೆ ಬಂದಂತಾಯಿತು. ವೇಷಧಾರಿಯ ಹಿಂದೆ ನಿಲ್ಲಿಸುವ ಎಲ್‌ಇಡಿ ಪರದೆಯನ್ನು ಈಗ ಇವುಗಳಿಂದ ಅಳೆಯಬಹುದು.

ಬೆಳಕಿನ ವಿಚಾರ ಲೆಕ್ಕಕ್ಕೆ ಸಿಕ್ಕುವಂಥದು. ರಂಗದ ದೀಪಗಳಿಂದ ವೇಷಧಾರಿಯ ಮೇಲೆ 500 ಲಕ್ಸ್ ಬೆಳಕು ಬಿದ್ದು, ಅದರ ಅರ್ಧವನ್ನು ಅವನ ಮುಖ ಮತ್ತು ಉಡುಗೆ ಹಿಂದಿರುಗಿಸಿದರೆ, ಪ್ರೇಕ್ಷಕನ ಕಣ್ಣಿಗೆ ಅವನ ಪ್ರಕಾಶ ಚದರ ಮೀಟರಿಗೆ ಸುಮಾರು 80 ಕ್ಯಾಂಡೆಲಾ. ಹಿಂದಿನ ಪರದೆ 800 ಕ್ಯಾಂಡೆಲಾ ಕೊಡುವಂಥದಾದರೆ (ಇದು ಅಂಥ ಪರದೆಗಳಿಗೆ ಹೆಚ್ಚೇನಲ್ಲ) ಹಿಂದಿನ ಚಿತ್ರವು ಮುಂದಿನ ಮನುಷ್ಯನಿಗಿಂತ ಹತ್ತು ಪಟ್ಟು ಉಜ್ಜ್ವಲ. ಹಿಂದಿನದು ತಗ್ಗಬೇಕೆಂಬ ಮೊದಲ ನ್ಯಾಯವೇ ತಲೆಕೆಳಗಾಯಿತು. ಗಂಟೆಗಟ್ಟಲೆ ಕುಳಿತು ಬರೆದುಕೊಂಡ ಮುಖವರ್ಣಿಕೆ ಕಪ್ಪಾಗಿ, ಕಿರೀಟದ ಹೊರರೇಖೆ ಮಾತ್ರ ಉಳಿಯುತ್ತದೆ. ಬಯಲಾಟದ ವೇಷಧಾರಿಯು ತೊಗಲುಗೊಂಬೆಯಾದನು. ಅದೂ ಬಣ್ಣವಿಲ್ಲದ ಗೊಂಬೆ.

ಕಾಲದ ವಿಚಾರ ಇನ್ನೂ ಸೂಕ್ಷ್ಮ. ಪರದೆಯ ಮೇಲಿನ ನೀರು ಹರಿಯುತ್ತಲೇ ಇರುತ್ತದೆ, ಎಲೆ ಅಲುಗುತ್ತಲೇ ಇರುತ್ತದೆ. ಅದಕ್ಕೆ ತಾಳವಿಲ್ಲ. ವೇಷಧಾರಿ ಅರ್ಥ ಹೇಳುತ್ತ ನಿಶ್ಚಲನಾಗಿ ನಿಂತಾಗ ಕಣ್ಣು ತಾನಾಗಿ ಚಲಿಸುವುದರ ಕಡೆಗೆ ಹೋಗುತ್ತದೆ. ಯಾವ ನಿಶ್ಚಲತೆಯನ್ನು ಭಾಗವತನೂ ವೇಷಧಾರಿಯೂ ಸೇರಿ ಸಾಧಿಸಿದರೋ ಅದನ್ನು ಯಂತ್ರವು ಅರಿಯದೆ ಕೆಡಿಸುತ್ತದೆ. ಅಭಿನವಗುಪ್ತನು ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ರಸಕ್ಕೆ ಒದಗುವ ಏಳು ವಿಘ್ನಗಳನ್ನು ಹೇಳುವಾಗ ‘ಸ್ಫುಟತ್ವಾಭಾವ’ವನ್ನೂ ‘ಅಪ್ರಧಾನತೆ’ಯನ್ನೂ ಎಣಿಸಿದ್ದಾನೆ. ಸ್ಪಷ್ಟವಾಗಬೇಕಾದುದು ಮಸುಕಾಗುವುದು, ಪ್ರಧಾನವಲ್ಲದುದು ಚಿತ್ತವನ್ನು ಸೆಳೆಯುವುದು: ಈ ಎರಡನ್ನೂ ಮೇಲಣ ಸಂದರ್ಭದಲ್ಲಿ ಒಟ್ಟಿಗೆ ಕಾಣಬಹುದು.

ಆದರೆ ಮುಖ್ಯವಾದ ಆಕ್ಷೇಪ ಕಣ್ಣಿಗೆ ಸಂಬಂಧಿಸಿದುದಲ್ಲ. ಯಕ್ಷಗಾನದಲ್ಲಿ ವನವೂ ಸಾಗರವೂ ಪದ್ಯದಲ್ಲಿವೆ. ಭಾಗವತನು ಹಾಡಿದನು, ವೇಷಧಾರಿ ಕೈಯೆತ್ತಿ ತೋರಿಸಿದನು, ಕಾಡು ಹುಟ್ಟಿತು. ಆ ಕಾಡು ಒಬ್ಬೊಬ್ಬ ಪ್ರೇಕ್ಷಕನಿಗೂ ಅವನವನ ಕಾಡು. ಅದರ ಮೇಲೆ ಸಿದ್ಧವಾದ ಕಾಡಿನ ಚಿತ್ರವೊಂದನ್ನು ಹಾಸಿದಾಗ, ತಡೆದು ತೋರಿಸುವ ತೆರೆಯ ಕೆಲಸವೇ ರದ್ದಾಗುತ್ತದೆ. ಕಳಸದಂಥ ಊರಿನಲ್ಲಿ ಇದರ ವಿಪರ್ಯಾಸ ಇನ್ನೂ ಎದ್ದು ತೋರೀತು. ರಂಗದ ಹಿಂದೆ ನಿಜವಾದ ಬೆಟ್ಟ ಕತ್ತಲಲ್ಲಿ ನಿಂತಿರುತ್ತದೆ. ಅದನ್ನು ಮರೆಮಾಡಿ, ಎಲ್ಲಿಯದೋ ಬೆಟ್ಟದ ಚಿತ್ರ ಹೊಳೆಯುತ್ತಿರುತ್ತದೆ.

7

ಇದರಿಂದ ಪರದೆಯನ್ನು ಹೊರಗೆಸೆಯಬೇಕೆಂಬ ತೀರ್ಮಾನ ಬರುವುದಿಲ್ಲ. ಗ್ಯಾಸ್‌ಲೈಟೂ ವಿದ್ಯುದ್ದೀಪವೂ ಒಂದು ಕಾಲಕ್ಕೆ ಹೊಸವೇ; ರಂಗವು ಅವನ್ನು ಅರಗಿಸಿಕೊಂಡಿದೆ. ಹೊಸತೊಂದು ಬಂದಾಗ ಕೇಳಬೇಕಾದುದು ಅದು ಯಾರ ಅಧೀನದಲ್ಲಿದೆ ಎಂಬುದನ್ನು. ತೊಗಲುಗೊಂಬೆಯಾಟದಲ್ಲಿ ದೂರವು ಸೂತ್ರಧಾರನ ಕೈಯಲ್ಲಿತ್ತು. ಬಯಲಾಟದಲ್ಲಿ ಕಾಲವು ಭಾಗವತನ ಜಾಗಟೆಯಲ್ಲಿತ್ತು. ಎಲ್‌ಇಡಿ ಪರದೆಯ ಚಿತ್ರವೋ ಪ್ರಸಂಗವನ್ನು ಅರಿಯದ ಒಬ್ಬರ ಕೈಯಲ್ಲಿ ಉಳಿದುಬಿಡುವ ಸಂಭವವಿದೆ. ಭಾಗವತನೇ ಮೊದಲನೆಯ ವೇಷವೆಂಬ ಮಾತು ನಮ್ಮಲ್ಲಿ ರೂಢವಾಗಿದೆ. ಆ ಮಾತು ಸತ್ಯವಾದರೆ ಪರದೆಯೂ ಅವನ ಹಿಮ್ಮೇಳದಲ್ಲಿ ಒಂದಾಗಬೇಕು: ಅದರ ಪ್ರಕಾಶ ವೇಷಧಾರಿಯದಕ್ಕಿಂತ ತಗ್ಗಿರಬೇಕು, ಅರ್ಥಗಾರಿಕೆಯ ವೇಳೆ ಅದು ನಿಶ್ಚಲವಾಗಿರಬೇಕು, ಇಲ್ಲವೆ ಆರಿರಬೇಕು, ಪದ್ಯವು ಹೇಳಿದುದನ್ನೇ ಅದು ಮತ್ತೆ ಹೇಳಬಾರದು. ಚಂಡೆ ಯಾವಾಗ ಸುಮ್ಮನಿರಬೇಕೆಂಬುದನ್ನು ಬಲ್ಲಂತೆ ಪರದೆಯೂ ಬಲ್ಲುದಾದರೆ ಅದಕ್ಕೆ ರಂಗದಲ್ಲಿ ಸ್ಥಾನವುಂಟು.

ಕಳಸ, ಮೂಡಿಗೆರೆಗಳ ಕಾಫಿಯ ತೋಟಗಳಲ್ಲಿ ಮಳೆಗಾಲಕ್ಕೆ ಮುನ್ನ ಮರಗಸಿ ಮಾಡುವುದುಂಟು. ಮೇಲಣ ಮರ, ಅದನ್ನಪ್ಪಿದ ಮೆಣಸಿನ ಬಳ್ಳಿ, ಕೆಳಗಣ ಕಾಫಿ: ಎಲೆಯ ಪದರದ ಮೇಲೆ ಎಲೆಯ ಪದರ. ನೆರಳು ಹೆಚ್ಚಾದರೆ ಗಿಡ ಕೆಡುತ್ತದೆಂದು ಯಾರೂ ಮರವನ್ನೇ ಕಡಿದುಹಾಕುವುದಿಲ್ಲ. ಮರ ಬೇಕೆಂದು ಕೊಂಬೆಯನ್ನು ಬೆಳೆದಂತೆ ಬಿಡುವುದೂ ಇಲ್ಲ. ಕೆಳಗಿನ ಗಿಡಕ್ಕೆ ಎಷ್ಟು ಬೆಳಕು ಬೇಕೆಂಬುದನ್ನು ನೋಡಿ, ಮೇಲಿನ ಕೊಂಬೆಯನ್ನು ಸವರುತ್ತಾರೆ. ನಮ್ಮ ರಂಗದ ಮೇಲೆ ಕಾಫಿಯ ಗಿಡದ ಸ್ಥಾನದಲ್ಲಿರುವವನು ವೇಷಧಾರಿ. ಅವನ ಮುಖಕ್ಕೆ ಎಷ್ಟು ಬೆಳಕು ಬೇಕೆಂಬುದನ್ನು ಮೊದಲು ನಿರ್ಣಯಿಸಿ, ಪರದೆಯ ವಿಚಾರವನ್ನು ಆಮೇಲೆ ಎತ್ತಿಕೊಳ್ಳುವುದು ಯುಕ್ತ.